ಮಾತಿಗಿಂತ ಮೊದಲು ಸಾಕ್ಷ್ಯ: ಪ್ರೌಢಶಾಲಾ ಅಣಕು ನ್ಯಾಯಾಲಯ ಸ್ಪರ್ಧೆಗೆ ಸಿದ್ಧರಾಗುವ ಬಗೆ

ಚರ್ಚಾ ಸ್ಪರ್ಧೆಯಲ್ಲಿ ನಿರರ್ಗಳವಾಗಿ ಮಾತನಾಡಿದ ಹುಡುಗಿಯನ್ನು ಕಂಡರೆ ‘ಒಳ್ಳೆಯ ಲಾಯರ್ ಆಗುತ್ತಾಳೆ’ ಎಂದು ಹರಸುವುದು ನಮ್ಮ ಕಡೆಯ ವಾಡಿಕೆ. ವಕೀಲಿಕೆ ಎಂದರೆ ಮಾತುಗಾರಿಕೆ ಎಂಬ ನಂಬಿಕೆ ಅಷ್ಟು ಆಳವಾಗಿ ಬೇರೂರಿದೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ‘ಮಾಕ್ ಟ್ರಯಲ್’ ಎಂಬ ಹೆಸರಿನಲ್ಲಿ ನಡೆಯುವ ಅಣಕು ನ್ಯಾಯಾಲಯ ಸ್ಪರ್ಧೆಗೆ ಸೇರುವ ಹಲವು ಮಕ್ಕಳನ್ನೂ ಕರೆತರುವುದು ಇದೇ ನಂಬಿಕೆ. ಹೀಗೆ ಬಂದವರು ಮೊದಲ ವಾರವೇ ಆರಂಭಿಕ ಭಾಷಣ ಬರೆಯಲು ಕೂರುತ್ತಾರೆ, ಧ್ವನಿಯ ಏರಿಳಿತ ಅಭ್ಯಾಸ ಮಾಡುತ್ತಾರೆ. ಸಿದ್ಧತೆ ದಾರಿ ತಪ್ಪುವುದು ಅಲ್ಲಿಯೇ. ಈ ಸ್ಪರ್ಧೆಯ ನಿಯಮ, ಸಮಯ ಹಂಚಿಕೆ, ಅಂಕಪಟ್ಟಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಇದು ಕಡತವನ್ನು ನಿಧಾನವಾಗಿ ಓದುವವರ, ಎದುರಿನವರ ಮಾತನ್ನು ಗಮನವಿಟ್ಟು ಕೇಳುವವರ ಸ್ಪರ್ಧೆ ಎಂಬುದು ತಿಳಿಯುತ್ತದೆ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಲು ಕಲಿತ ತಂಡಕ್ಕೆ ಆಡಬೇಕಾದ ಮಾತು ತಾನಾಗಿ ಒದಗಿ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ, ಇಂಥದೊಂದನ್ನು ತಮ್ಮ ಶಾಲೆಯಲ್ಲಿ ನಡೆಸಬೇಕೆಂದಿರುವ ಕರ್ನಾಟಕದ ಶಿಕ್ಷಕರಿಗೂ ಈ ಒಂದು ಮಾತನ್ನು ಆಧಾರ ಸಮೇತ ವಿವರಿಸುವುದು ಈ ಲೇಖನದ ಉದ್ದೇಶ.

ಸ್ಪರ್ಧೆಯ ಸ್ವರೂಪ

ನಮ್ಮಲ್ಲಿ ಅಣಕು ನ್ಯಾಯಾಲಯ ಎಂದರೆ ಕಾನೂನು ಕಾಲೇಜು ನೆನಪಾಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಅದನ್ನು ಕಾನೂನು ಪದವಿಯ ಕಡ್ಡಾಯ ಭಾಗವಾಗಿಸಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಂಡ 2013ರಲ್ಲಿ ಜೆಸಪ್ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದಿತ್ತು. ಕಾಲೇಜಿನವರು ‘ಮೂಟ್’ ಎನ್ನುವ ಆ ಬಗೆಯಲ್ಲಿ ಸಾಕ್ಷಿಗಳಿರುವುದಿಲ್ಲ. ನಡೆದದ್ದೇನು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೆ ಯಾವ ಕಾನೂನು ಹೇಗೆ ಅನ್ವಯಿಸುತ್ತದೆ ಎಂದು ಮೇಲ್ಮನವಿ ನ್ಯಾಯಾಲಯದ ಮಾದರಿಯಲ್ಲಿ ವಾದ ನಡೆಯುತ್ತದೆ. ಪ್ರೌಢಶಾಲೆಯ ಸ್ಪರ್ಧೆ ವಿಚಾರಣಾ ನ್ಯಾಯಾಲಯದ ಮಾದರಿಯದು. ಇಲ್ಲಿ ನಡೆದದ್ದೇನು ಎಂಬುದೇ ವಿವಾದ. ಸಾಕ್ಷಿ ಕಟಕಟೆಗೆ ಬರಬೇಕು, ಮುಖ್ಯ ವಿಚಾರಣೆಯಲ್ಲಿ ತನಗೆ ತಿಳಿದದ್ದನ್ನು ಹೇಳಬೇಕು, ಪಾಟೀ ಸವಾಲನ್ನು ಎದುರಿಸಬೇಕು. ಹದಿನೈದು ಹದಿನಾರರ ವಯಸ್ಸಿನವರಿಗೆ ಇದು ಹೆಚ್ಚು ಹೊಂದುತ್ತದೆ. ಇದಕ್ಕೆ ತೀರ್ಪುಗಳ ಸಂಪುಟ ತಿರುವಿಹಾಕುವ ಪಾಂಡಿತ್ಯ ಬೇಡ. ಒಬ್ಬ ಮನುಷ್ಯನ ಹೇಳಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತೂಗಿ ನೋಡುವ ಬುದ್ಧಿ ಸಾಕು.

ಅಮೆರಿಕದ ರಾಷ್ಟ್ರಮಟ್ಟದ ಪ್ರೌಢಶಾಲಾ ಅಣಕು ವಿಚಾರಣಾ ಸ್ಪರ್ಧೆ 1984ರಲ್ಲಿ ಅಯೋವಾ ರಾಜ್ಯದ ಡೆ ಮಾಯ್ನ್ ನಗರದಲ್ಲಿ ಐದು ರಾಜ್ಯಗಳ ತಂಡಗಳೊಂದಿಗೆ ಆರಂಭವಾಯಿತು. ಈಗ ಪ್ರತಿ ವರ್ಷ ಒಂದೊಂದು ರಾಜ್ಯದಲ್ಲಿ ನಡೆಯುತ್ತದೆ. ಆಯಾ ರಾಜ್ಯದ ಸ್ಪರ್ಧೆಯಲ್ಲಿ ಗೆದ್ದ ತಂಡ ಅಲ್ಲಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ 1991ರಿಂದ ಇಂಥದೇ ಸ್ಪರ್ಧೆ ಇದೆ. ಅಲ್ಲಿ ನಿಜವಾದ ನ್ಯಾಯಾಲಯದ ಕಟ್ಟಡದಲ್ಲಿ ನಿಜವಾದ ನ್ಯಾಯಾಧೀಶರ ಎದುರು ಮಕ್ಕಳು ಪ್ರಕರಣ ನಡೆಸುತ್ತಾರೆ. ಎಲ್ಲೆಡೆಯೂ ಹೂರಣ ಹೆಚ್ಚುಕಡಿಮೆ ಒಂದೇ. ಆಯೋಜಕರು ಒಂದು ಕಲ್ಪಿತ ಪ್ರಕರಣದ ಕಡತವನ್ನು ಎಲ್ಲ ತಂಡಗಳಿಗೂ ಕೊಡುತ್ತಾರೆ. ಅದರಲ್ಲಿ ಆರೋಪ ಅಥವಾ ದಾವೆಯ ವಿವರ, ಎರಡೂ ಕಡೆಯವರು ಒಪ್ಪಿದ ಸಂಗತಿಗಳು, ಸಾಕ್ಷಿಗಳ ಅಫಿಡವಿಟ್‌ಗಳು, ನಕ್ಷೆ, ಪತ್ರ, ವರದಿ ಮುಂತಾದ ದಾಖಲೆಗಳು, ಅನ್ವಯವಾಗುವ ಕಾನೂನು ಮತ್ತು ಸರಳಗೊಳಿಸಿದ ಸಾಕ್ಷ್ಯ ನಿಯಮಗಳು ಇರುತ್ತವೆ. ರಾಷ್ಟ್ರಮಟ್ಟದ ಮಾದರಿಯಲ್ಲಿ ಒಂದು ಸುತ್ತಿಗೆ ಪ್ರತಿ ಕಡೆಯಿಂದ ಮೂವರು ವಕೀಲರು, ಮೂವರು ಸಾಕ್ಷಿಗಳು. ಈ ಎರಡೂ ಬಗೆಯ ಪಾತ್ರಗಳನ್ನು ವಿದ್ಯಾರ್ಥಿಗಳೇ ವಹಿಸುತ್ತಾರೆ. ಒಂದು ಸುತ್ತಿನಲ್ಲಿ ಆರೋಪ ಹೊರಿಸುವ ಕಡೆ ನಿಂತ ತಂಡ ಇನ್ನೊಂದು ಸುತ್ತಿನಲ್ಲಿ ಆರೋಪಿಯ ಕಡೆ ನಿಲ್ಲಬೇಕು. ಆದ್ದರಿಂದ ಎರಡೂ ಕಡೆಯ ಪ್ರಕರಣವನ್ನು ಸಿದ್ಧಪಡಿಸುವುದು ಅನಿವಾರ್ಯ.

ಈಗ ಸಮಯದ ಲೆಕ್ಕ ನೋಡಿ. ರಾಷ್ಟ್ರಮಟ್ಟದ ನಿಯಮದ ಪ್ರಕಾರ ಒಂದು ಕಡೆಗೆ ಆರಂಭಿಕ ಭಾಷಣಕ್ಕೆ 5 ನಿಮಿಷ, ಅಂತಿಮ ವಾದಕ್ಕೆ 5 ನಿಮಿಷ. ತನ್ನ ಮೂವರು ಸಾಕ್ಷಿಗಳ ಮುಖ್ಯ ವಿಚಾರಣೆಗೆ ಒಟ್ಟು 25 ನಿಮಿಷ, ಎದುರಿನವರ ಸಾಕ್ಷಿಗಳ ಪಾಟೀ ಸವಾಲಿಗೆ 20 ನಿಮಿಷ. ಅಂದರೆ 55 ನಿಮಿಷಗಳಲ್ಲಿ ಭಾಷಣದ ಪಾಲು 10 ಮಾತ್ರ. ಉಳಿದ 45 ನಿಮಿಷ ಪ್ರಶ್ನೋತ್ತರಕ್ಕೆ ಮೀಸಲು. ಅಂಕಪಟ್ಟಿಯೂ ಇದನ್ನೇ ಹೇಳುತ್ತದೆ. ಎರಡು ಭಾಷಣಗಳಿಗೆ ಎರಡು ಅಂಕ ಬಂದರೆ, ಮೂರು ಮುಖ್ಯ ವಿಚಾರಣೆ, ಮೂರು ಪಾಟೀ ಸವಾಲು, ಮೂವರು ಸಾಕ್ಷಿಗಳ ನಿರ್ವಹಣೆಗೆ ಪ್ರತ್ಯೇಕವಾಗಿ ಅಂಕ ಬೀಳುತ್ತದೆ. ಅಭ್ಯಾಸದ ಅರ್ಧ ಸಮಯವನ್ನು ಭಾಷಣಕ್ಕೆ ಸುರಿದ ತಂಡ ತನ್ನ ಶ್ರಮವನ್ನು ಸ್ಪರ್ಧೆಯ ಸಣ್ಣ ಭಾಗಕ್ಕೆ ವ್ಯಯಿಸಿದಂತಾಯಿತು. ಇನ್ನೊಂದು ಮುಖ್ಯ ಸಂಗತಿ: ತೀರ್ಪು ಯಾರ ಪರವಾಗಿ ಬರಬೇಕು ಎಂಬುದಕ್ಕೂ ಗೆಲುವಿಗೂ ಸಂಬಂಧವಿಲ್ಲ. ದುರ್ಬಲವಾದ ಕಡೆಯನ್ನು ಸಮರ್ಥವಾಗಿ ನಡೆಸಿದ ತಂಡ ಗೆಲ್ಲಬಹುದು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ವಿಚಾರಣೆಗೆ ಮೊದಲು ಸಂವಿಧಾನಕ್ಕೆ ಸಂಬಂಧಿಸಿದ ಒಂದು ಅರ್ಜಿಯ ಮೇಲೆ ವಾದವಿರುತ್ತದೆ, ತಂಡವೂ ದೊಡ್ಡದು. ಆದ್ದರಿಂದ ನಿಮ್ಮ ರಾಜ್ಯದ ಆ ವರ್ಷದ ನಿಯಮಪುಸ್ತಕವನ್ನು ಕಡತಕ್ಕಿಂತ ಮೊದಲು ಓದಿ.

ಕಡತವನ್ನು ಓದುವ ಕ್ರಮ

ಈ ಸ್ಪರ್ಧೆಯ ಅತ್ಯಂತ ಮುಖ್ಯ ನಿಯಮವೆಂದರೆ ಕಡತದ ಆಚೆಗೆ ಹೋಗುವಂತಿಲ್ಲ ಎಂಬುದು. ಸಾಕ್ಷಿ ತನ್ನ ಅಫಿಡವಿಟ್‌ನಲ್ಲಿ ಇಲ್ಲದ ಮುಖ್ಯ ಸಂಗತಿಯನ್ನು ಹೊಸದಾಗಿ ಹುಟ್ಟಿಸಿ ಹೇಳಬಾರದು, ವಕೀಲರು ಹೊರಗಿನಿಂದ ಮಾಹಿತಿ ತಂದು ಸೇರಿಸಬಾರದು. ಎಲ್ಲ ತಂಡಗಳ ಕೈಯಲ್ಲೂ ಇರುವುದು ಅದೇ ಪುಟಗಳು. ಹೀಗಿರುವಾಗ ಒಂದು ತಂಡಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದು ಆ ಪುಟಗಳನ್ನು ಯಾರು ಹೆಚ್ಚು ಆಳವಾಗಿ ಓದಿದ್ದಾರೆ ಎಂಬುದರಿಂದ. ಆದ್ದರಿಂದ ಮೊದಲ ಎರಡು ವಾರ ಯಾರಿಗೂ ಪಾತ್ರ ಹಂಚಬೇಡಿ. ಪಾತ್ರ ಸಿಕ್ಕ ಕೂಡಲೇ ವಿದ್ಯಾರ್ಥಿ ತನ್ನ ಸಾಲುಗಳನ್ನಷ್ಟೇ ಓದತೊಡಗುತ್ತಾನೆ. ಎಲ್ಲರೂ ಎಲ್ಲ ಅಫಿಡವಿಟ್‌ಗಳನ್ನು ಓದಲಿ, ಪ್ರತಿ ವಾಕ್ಯವನ್ನೂ ನಾಲ್ಕು ಅಂಕಣಗಳಿಗೆ ಹಂಚಲಿ: ಸಾಕ್ಷಿ ತಾನೇ ಕಂಡದ್ದು, ಬೇರೆಯವರಿಂದ ಕೇಳಿದ್ದು, ತಾನು ಊಹಿಸಿದ್ದು, ಹೇಳದೆ ಬಿಟ್ಟದ್ದು. ನಾಲ್ಕನೆಯ ಅಂಕಣ ತುಂಬುವುದು ಕಷ್ಟ. ಪಾಟೀ ಸವಾಲಿನ ಸರಕು ಹೆಚ್ಚಾಗಿ ಸಿಗುವುದೂ ಅಲ್ಲಿಯೇ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. ಶಾಲೆಯ ಪ್ರಯೋಗಾಲಯಕ್ಕೆ ಬೆಂಕಿ ಹಚ್ಚಿದ ಆರೋಪ ಅಲ್ಲಿನ ಸಹಾಯಕನ ಮೇಲಿದೆ ಎಂದುಕೊಳ್ಳಿ. ಕಾವಲುಗಾರನ ಅಫಿಡವಿಟ್ ಹೀಗಿದೆ: ‘ಸಂಜೆ ಆರೂವರೆಗೆ ನಾನು ಗೇಟಿನ ಬಳಿ ಇದ್ದೆ. ಪ್ರಯೋಗಾಲಯದ ಕಡೆಯಿಂದ ಸಹಾಯಕ ಓಡಿ ಬಂದದ್ದನ್ನು ಕಂಡೆ. ತಪ್ಪು ಮಾಡಿ ಹೆದರಿದವನಂತಿದ್ದ. ಹತ್ತು ನಿಮಿಷದ ಮೇಲೆ ಹೊಗೆ ಕಾಣಿಸಿತು. ಮಧ್ಯಾಹ್ನ ಅವನು ಮುಖ್ಯೋಪಾಧ್ಯಾಯರ ಜತೆ ಜಗಳವಾಡಿದ್ದನೆಂದು ಅಡುಗೆಯವರು ಹೇಳಿದರು.’ ಮೊದಲ ಓದಿಗೆ ಸಹಾಯಕನೇ ತಪ್ಪಿತಸ್ಥ ಅನ್ನಿಸುತ್ತದೆ. ಎರಡನೆಯ ಓದಿಗೆ ವಾಕ್ಯಗಳು ಒಂದೊಂದಾಗಿ ಬೇರೆಯಾಗುತ್ತವೆ. ‘ಪ್ರಯೋಗಾಲಯದ ಕಡೆಯಿಂದ’ ಬಂದ ಎಂದಿದೆಯೇ ಹೊರತು ‘ಒಳಗಿನಿಂದ’ ಬಂದ ಎಂದಿಲ್ಲ. ಆ ಕಡೆ ಇನ್ನೇನೇನಿದೆ ಎಂದು ನಕ್ಷೆ ನೋಡಬೇಕು. ‘ತಪ್ಪು ಮಾಡಿ ಹೆದರಿದವನಂತಿದ್ದ’ ಎಂಬುದು ಕಾವಲುಗಾರನ ಊಹೆ. ಬೆವರಿದ್ದ, ಹಿಂದೆ ತಿರುಗಿ ನೋಡುತ್ತಿದ್ದ ಎಂದು ಅವನು ಹೇಳಬಹುದು, ಮನಸ್ಸಿನೊಳಗಿದ್ದದ್ದನ್ನು ಹೇಳಲಾರ. ಹತ್ತು ನಿಮಿಷದ ಅಂತರ ಎರಡೂ ಕಡೆಗೆ ಉಪಯೋಗಕ್ಕೆ ಬರುತ್ತದೆ: ಬೆಂಕಿ ಹೊತ್ತಿ ಹೊಗೆಯಾಗಲು ಅಷ್ಟು ಹೊತ್ತು ಬೇಕು ಎಂದು ಪ್ರಾಸಿಕ್ಯೂಷನ್ ಹೇಳಬಹುದು, ಆ ಹತ್ತು ನಿಮಿಷದಲ್ಲಿ ಬೇರೊಬ್ಬರು ಒಳಗೆ ಹೋಗಿರಬಹುದು ಎಂದು ಆರೋಪಿ ಪರ ವಕೀಲರು ಹೇಳಬಹುದು. ಜಗಳದ ಮಾತನ್ನು ಕಾವಲುಗಾರ ಕಣ್ಣಾರೆ ಕಂಡಿಲ್ಲ. ಅದನ್ನು ಹೇಳಬೇಕಾದವರು ಅಡುಗೆಯವರು. ಅವರೂ ಜಗಳವನ್ನು ಖುದ್ದು ಕಂಡಿದ್ದರೆ ಮಾತ್ರ. ಐದು ವಾಕ್ಯದ ಹೇಳಿಕೆಯಲ್ಲಿ ಇಷ್ಟು ಕೆಲಸವಿದ್ದರೆ ಇಡೀ ಕಡತದಲ್ಲಿ ಎಷ್ಟಿರುತ್ತದೆ ಎಂದು ಯೋಚಿಸಿ.

ಈ ವಿಂಗಡಣೆ ಮುಗಿದ ಮೇಲೆ ತಂಡ ಪ್ರತಿ ಕಡೆಗೂ ಪ್ರಕರಣದ ತಿರುಳನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ‘ಸಹಾಯಕನನ್ನು ಓಡುವಾಗ ಕಂಡವರಿದ್ದಾರೆ, ಬೆಂಕಿ ಹಚ್ಚುವಾಗ ಕಂಡವರಿಲ್ಲ’ ಎಂಬುದು ಆರೋಪಿ ಪರದ ತಿರುಳಾಗಬಹುದು. ಕೇಳುವ ಪ್ರತಿಯೊಂದು ಪ್ರಶ್ನೆ ಈ ವಾಕ್ಯಕ್ಕೆ ಬಲ ಕೊಡಬೇಕು. ಕೊಡದ ಪ್ರಶ್ನೆ ಎಷ್ಟೇ ಚುರುಕಾಗಿದ್ದರೂ ಕೈಬಿಡಬೇಕು. ತಮ್ಮ ಪಕ್ಷಕ್ಕೆ ವಿರುದ್ಧವಾದ ಸಂಗತಿಗಳ ಪಟ್ಟಿಯನ್ನೂ ಮಾಡಿಕೊಳ್ಳಬೇಕು. ಅವನ್ನು ಮುಚ್ಚಿಡುವ ತಂಡ ಪಾಟೀ ಸವಾಲಿನಲ್ಲಿ ಮುಗ್ಗರಿಸುತ್ತದೆ. ತಾನೇ ಮುಖ್ಯ ವಿಚಾರಣೆಯಲ್ಲಿ ಅವನ್ನು ಮುಂದಿಟ್ಟು ಕಾರಣ ಹೇಳುವ ತಂಡದ ಮೇಲೆ ತೀರ್ಪುಗಾರರಿಗೆ ನಂಬಿಕೆ ಹುಟ್ಟುತ್ತದೆ.

ಪ್ರಶ್ನೆ ಕೇಳುವ ಕಲೆ

ಮುಖ್ಯ ವಿಚಾರಣೆಯಲ್ಲಿ ಮಾತನಾಡಬೇಕಾದವರು ಸಾಕ್ಷಿ. ವಕೀಲರು ದಾರಿ ಮಾಡಿಕೊಡಬೇಕು. ಯಾರು, ಎಲ್ಲಿ, ಯಾವಾಗ, ಏನು, ಹೇಗೆ ಎಂದು ಆರಂಭವಾಗುವ ಚಿಕ್ಕ ಪ್ರಶ್ನೆಗಳು ಇಲ್ಲಿಗೆ ತಕ್ಕವು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವ ಸೂಚಕ ಪ್ರಶ್ನೆಗೆ ಇಲ್ಲಿ ಅವಕಾಶವಿಲ್ಲ. ‘ನೀವು ಗೇಟಿನ ಬಳಿ ಇದ್ದಿರಿ, ಅಲ್ಲವೇ?’ ಎಂದು ನಿಮ್ಮ ಸಾಕ್ಷಿಯನ್ನು ಕೇಳಿದರೆ ಆಕ್ಷೇಪಣೆ ಬರುತ್ತದೆ. ‘ಆಗ ನೀವು ಎಲ್ಲಿದ್ದಿರಿ?’ ಎಂದು ಕೇಳಬೇಕು. ಪಾಟೀ ಸವಾಲಿನಲ್ಲಿ ಇದು ತಿರುಗುಮುರುಗು. ಅಲ್ಲಿ ಸೂಚಕ ಪ್ರಶ್ನೆಗಳನ್ನೇ ಕೇಳಬೇಕು. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಬೇಕು, ಹೌದು ಅಥವಾ ಇಲ್ಲ ಎಂಬ ಉತ್ತರಕ್ಕಷ್ಟೇ ಎಡೆ ಇರಬೇಕು, ಪ್ರತಿ ಉತ್ತರಕ್ಕೂ ಅಫಿಡವಿಟ್‌ನ ಯಾವ ಸಾಲು ಆಧಾರ ಎಂಬುದು ಟಿಪ್ಪಣಿಯ ಅಂಚಿನಲ್ಲಿ ಬರೆದಿರಬೇಕು. ‘ಏಕೆ’ ಎಂಬ ಪ್ರಶ್ನೆಯನ್ನು ಎದುರು ಸಾಕ್ಷಿಗೆ ಕೇಳಬೇಡಿ. ಕೇಳಿದರೆ ವಿವರಣೆ ಕೊಡುವ ಅವಕಾಶವನ್ನು ನೀವೇ ಅವರ ಕೈಗೆ ಇಟ್ಟಂತೆ. ಮುಖ್ಯ ವಿಚಾರಣೆಯಲ್ಲಿ ಬಂದ ವಿಷಯಕ್ಕೆ ಮಾತ್ರ ಪಾಟೀ ಸವಾಲು ಸೀಮಿತವೇ ಎಂಬುದರಲ್ಲಿ ನಿಯಮಪುಸ್ತಕಗಳು ಭಿನ್ನವಾಗಿವೆ, ಮೊದಲೇ ನೋಡಿಕೊಳ್ಳಿ.

ಪಾಟೀ ಸವಾಲು ಎಂದರೆ ಗದರಿಸುವುದು ಎಂದು ಸಿನಿಮಾ ನೋಡಿ ಬೆಳೆದವರಿಗೆ ಅನ್ನಿಸಬಹುದು. ಇತಿಹಾಸದ ಪ್ರಸಿದ್ಧ ಉದಾಹರಣೆಯೊಂದು ಇದಕ್ಕೆ ವಿರುದ್ಧವಾಗಿದೆ. ಅಬ್ರಹಾಂ ಲಿಂಕನ್ ಅಧ್ಯಕ್ಷರಾಗುವುದಕ್ಕೆ ಮೊದಲು, 1858ರ ಮೇ ತಿಂಗಳಲ್ಲಿ, ಇಲಿನಾಯ್ ರಾಜ್ಯದ ಬಿಯರ್ಡ್ಸ್‌ಟೌನ್‌ನಲ್ಲಿ ಕೊಲೆ ಆರೋಪ ಹೊತ್ತ ಡಫ್ ಆರ್ಮ್‌ಸ್ಟ್ರಾಂಗ್ ಪರವಾಗಿ ವಾದಿಸಿದರು. ಹಿಂದಿನ ವರ್ಷದ ಆಗಸ್ಟ್‌ನ ಒಂದು ರಾತ್ರಿ ಹೊಡೆತ ಬಿದ್ದದ್ದನ್ನು ಸುಮಾರು 150 ಅಡಿ ದೂರದಿಂದ ತಿಂಗಳ ಬೆಳಕಿನಲ್ಲಿ ಕಂಡೆ ಎಂದು ಮುಖ್ಯ ಸಾಕ್ಷಿ ಹೇಳಿದ. ಲಿಂಕನ್ ಅವನಿಂದ ದೂರ, ಹೊತ್ತು, ಚಂದ್ರ ಆಕಾಶದಲ್ಲಿ ಎತ್ತರದಲ್ಲಿದ್ದ ಎಂಬ ಮಾತು, ಎಲ್ಲವನ್ನೂ ಸಾವಧಾನವಾಗಿ ಹೇಳಿಸಿದರು. ಆಮೇಲೆ ಆ ವರ್ಷದ ಪಂಚಾಂಗವನ್ನು ಮುಂದಿಟ್ಟರು. ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದ ಎಂದು ಅದರಲ್ಲಿತ್ತು. ಆರೋಪಿ ಬಿಡುಗಡೆಯಾದ. ಇಲ್ಲಿ ಪ್ರಕರಣವನ್ನು ತಿರುಗಿಸಿದ್ದು ಮುದ್ರಿತ ಪುಟವೊಂದನ್ನು ಮೊದಲೇ ಓದಿಟ್ಟುಕೊಂಡ ಎಚ್ಚರ ಮತ್ತು ಸಾಕ್ಷಿಯ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡ ತಾಳ್ಮೆ.

ಅಣಕು ವಿಚಾರಣೆಯಲ್ಲೂ ಸಾಕ್ಷಿಯ ಮಾತು ಅಫಿಡವಿಟ್‌ಗೆ ವಿರುದ್ಧವಾದಾಗ ಇದೇ ತಾಳ್ಮೆ ಬೇಕು. ಅದಕ್ಕೆ ಮೂರು ಹೆಜ್ಜೆಗಳಿವೆ. ಮೊದಲು, ಸಾಕ್ಷಿ ಈಗ ಹೇಳಿದ್ದನ್ನು ಅದೇ ಪದಗಳಲ್ಲಿ ಮತ್ತೊಮ್ಮೆ ಒಪ್ಪಿಸಿ. ಎರಡನೆಯದಾಗಿ, ಘಟನೆ ನೆನಪಿನಲ್ಲಿ ಹಸಿಯಾಗಿದ್ದಾಗ ಪ್ರಮಾಣ ಮಾಡಿ ಅಫಿಡವಿಟ್‌ಗೆ ಸಹಿ ಹಾಕಿದ್ದನ್ನು, ಎಲ್ಲ ಮುಖ್ಯ ಸಂಗತಿಗಳನ್ನೂ ಅದರಲ್ಲಿ ಸೇರಿಸಿದ್ದನ್ನು ಒಪ್ಪಿಸಿ. ಮೂರನೆಯದಾಗಿ, ಪುಟ ಮತ್ತು ಸಾಲು ತೋರಿಸಿ ವಿರುದ್ಧವಾದ ವಾಕ್ಯವನ್ನು ಓದಿ. ಅಲ್ಲಿಗೆ ನಿಲ್ಲಿಸಿ. ‘ಹಾಗಾದರೆ ನೀವು ಸುಳ್ಳು ಹೇಳುತ್ತಿದ್ದೀರಿ?’ ಎಂಬ ಹೆಚ್ಚುವರಿ ಪ್ರಶ್ನೆ ಗಳಿಸಿದ್ದನ್ನೆಲ್ಲ ಕಳೆಯುತ್ತದೆ. ಅದನ್ನು ಹೇಳಬೇಕಾದ ಜಾಗ ಅಂತಿಮ ವಾದ. ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲೂ ಹಿಂದಿನ ಲಿಖಿತ ಹೇಳಿಕೆಯನ್ನು ತೋರಿಸಿ ಪಾಟೀ ಸವಾಲು ಮಾಡುವುದಕ್ಕೆ ಪ್ರತ್ಯೇಕ ಕಲಮು ಇದೆ. ಈ ಕೌಶಲ ಒಂದೇ ದೇಶದ ನ್ಯಾಯಾಲಯಕ್ಕೆ ಸೀಮಿತವಾದದ್ದಲ್ಲ.

ಆಕ್ಷೇಪಣೆ, ಸಾಕ್ಷಿ, ಅಂತಿಮ ವಾದ

ಅಮೆರಿಕದ ಸ್ಪರ್ಧೆಗಳ ಸಾಕ್ಷ್ಯ ನಿಯಮಗಳು ಬಹುಮಟ್ಟಿಗೆ 1975ರಲ್ಲಿ ಜಾರಿಗೆ ಬಂದ ಅಲ್ಲಿನ ಫೆಡರಲ್ ಸಾಕ್ಷ್ಯ ನಿಯಮಗಳ ಸರಳ ರೂಪ. ಆಕ್ಷೇಪಣೆಗಳ ಪಟ್ಟಿ ಉದ್ದವಾಗಿ ಕಂಡರೂ ಪದೇಪದೇ ಬೇಕಾಗುವುದು ಕೆಲವೇ: ಸೂಚಕ ಪ್ರಶ್ನೆ, ಅಪ್ರಸ್ತುತ, ಹಿಯರ್‌ಸೇ ಅಂದರೆ ಬೇರೆಯವರಿಂದ ಕೇಳಿದ ಮಾತು, ಊಹೆ, ಸ್ವಂತ ಅರಿವಿಲ್ಲದ ವಿಷಯ, ವ್ಯಕ್ತಿಯ ಚಾರಿತ್ರ್ಯದ ಮೇಲೆ ತೀರ್ಮಾನ, ಕಡತದಲ್ಲಿಲ್ಲದ ಸಂಗತಿ. ಗಿಣಿಪಾಠ ಮಾಡಿದವರು ಆಕ್ಷೇಪಣೆ ಎತ್ತುತ್ತಾರೆ, ನ್ಯಾಯಾಧೀಶರು ‘ಏಕೆ?’ ಎಂದು ಕೇಳಿದ ಕೂಡಲೇ ಸುಮ್ಮನಾಗುತ್ತಾರೆ. ನಾಲ್ಕು ಅಂಕಣಗಳ ವಿಂಗಡಣೆ ಮಾಡಿದವರಿಗೆ ಆ ಕಾರಣ ಆಗಲೇ ಗೊತ್ತಿರುತ್ತದೆ, ಏಕೆಂದರೆ ಈ ನಿಯಮಗಳಲ್ಲಿ ಹೆಚ್ಚಿನವು ಕಂಡದ್ದನ್ನು ಕೇಳಿದ್ದರಿಂದಲೂ ಊಹೆಯಿಂದಲೂ ಬೇರ್ಪಡಿಸುವ ಉಪಾಯಗಳೇ. ತಮ್ಮ ಪ್ರಶ್ನೆಯ ಮೇಲಿನ ಆಕ್ಷೇಪಣೆಯನ್ನು ನ್ಯಾಯಾಧೀಶರು ಒಪ್ಪಿದರೆ ಮುಖ ಸಣ್ಣದು ಮಾಡದೆ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಿ ಮುಂದುವರಿಯಬೇಕು. ತಮಗೆ ತೊಂದರೆಯಾಗದ ಸಣ್ಣ ತಪ್ಪಿಗೆಲ್ಲ ಎದ್ದು ನಿಲ್ಲುವುದು ಒಳ್ಳೆಯದಲ್ಲ.

ಸಾಕ್ಷಿಯ ಪಾತ್ರವನ್ನು ಎರಡನೆಯ ದರ್ಜೆಯದೆಂದು ಎಣಿಸುವುದು ದೊಡ್ಡ ತಪ್ಪು. ಆರು ಮಂದಿಯ ತಂಡದಲ್ಲಿ ಮೂವರು ಸಾಕ್ಷಿಗಳು. ಅವರ ಅಂಕ ವಕೀಲರ ಅಂಕದಷ್ಟೇ ತೂಕದ್ದು. ಒಳ್ಳೆಯ ಸಾಕ್ಷಿ ಅಫಿಡವಿಟ್ ಅನ್ನು ಪಾಠ ಒಪ್ಪಿಸಿದಂತೆ ಹೇಳುವುದಿಲ್ಲ; ಆ ವ್ಯಕ್ತಿಯ ವಯಸ್ಸು, ಉದ್ಯೋಗ, ಸ್ವಭಾವಕ್ಕೆ ತಕ್ಕ ಸಹಜ ಮಾತಿನಲ್ಲಿ ಹೇಳುತ್ತಾರೆ. ಪಾಟೀ ಸವಾಲಿನಲ್ಲಿ ಒಪ್ಪಬೇಕಾದದ್ದನ್ನು ಒಪ್ಪುತ್ತಾರೆ. ಎಲ್ಲ ಪ್ರಶ್ನೆಗೂ ಸುತ್ತಿ ಬಳಸಿ ಉತ್ತರಿಸಿ ಎದುರಿನವರ ಸಮಯ ತಿನ್ನುವ ಸಾಕ್ಷಿಯನ್ನು ತೀರ್ಪುಗಾರರು ಮೆಚ್ಚುವುದಿಲ್ಲ. ಅಂತಿಮ ವಾದವನ್ನು ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಮೊದಲೇ ಸಿದ್ಧಪಡಿಸಿ. ಉಳಿದದ್ದು ಆ ದಿನ ಸಾಕ್ಷಿಗಳು ನಿಜವಾಗಿ ಹೇಳಿದ ಮಾತಿನಿಂದ ತುಂಬಬೇಕು. ಬಾರದ ಸಾಕ್ಷ್ಯವನ್ನು ಬಂದಿದೆ ಎಂದು ಬಾಯಿಪಾಠದ ಭಾಷಣದಲ್ಲಿ ಹೇಳಿಬಿಡುವುದು ಈ ಸ್ಪರ್ಧೆಯಲ್ಲಿ ಮೇಲಿಂದ ಮೇಲೆ ಕಾಣುವ ಎಡವು. ಕೇಳಿಸಿಕೊಂಡಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಡ.

ಎಂಟು ವಾರ ಸಿಕ್ಕರೆ ಕೆಲಸವನ್ನು ಹೀಗೆ ಹಂಚಬಹುದು. ಮೊದಲೆರಡು ವಾರ ಓದು ಮತ್ತು ವಿಂಗಡಣೆ. ಮೂರನೆಯ ವಾರ ಎರಡೂ ಕಡೆಯ ತಿರುಳು ಮತ್ತು ಪಾತ್ರ ಹಂಚಿಕೆ. ನಾಲ್ಕು, ಐದನೆಯ ವಾರ ಪ್ರಶ್ನೆಗಳ ರಚನೆ. ಆರನೆಯ ವಾರ ಆಕ್ಷೇಪಣೆಗಳ ಅಭ್ಯಾಸ ಮತ್ತು ಭಾಷಣಗಳ ಬರವಣಿಗೆ. ಕೊನೆಯ ಎರಡು ವಾರ ಗಡಿಯಾರ ಇಟ್ಟುಕೊಂಡು ಪೂರ್ಣ ವಿಚಾರಣೆ, ಪ್ರತಿ ಬಾರಿಯೂ ಪಕ್ಷ ಬದಲಿಸಿ. ಈ ಪೂರ್ಣ ವಿಚಾರಣೆಗಳಿಗೆ ಕಡತ ಓದದವರನ್ನು ಕರೆದು ಕೂರಿಸಿ. ಅವರಿಗೆ ಕಥೆ ಅರ್ಥವಾಗದಿದ್ದರೆ ತೀರ್ಪುಗಾರರಿಗೂ ಅರ್ಥವಾಗದು.

ಕೇಳಿಬರುವ ಆಕ್ಷೇಪಗಳು

ಇಂದು ಒಬ್ಬನನ್ನು ಅಪರಾಧಿ ಎಂದು ವಾದಿಸಿ ನಾಳೆ ನಿರಪರಾಧಿ ಎಂದು ವಾದಿಸುವ ಮಗು ಸತ್ಯದಲ್ಲಿ ನಂಬಿಕೆ ಕಳೆದುಕೊಳ್ಳುವುದಿಲ್ಲವೇ ಎಂದು ಹಲವು ಹಿರಿಯರು ಕೇಳುತ್ತಾರೆ. ಇದು ಗಂಭೀರವಾದ ಪ್ರಶ್ನೆ. ಸತ್ಯ ನಮಗೆ ಮೊದಲೇ ಗೊತ್ತಿದೆ ಎಂದು ಹೊರಡುವವರಿಗೆ ಎರಡನೆಯ ಪಕ್ಷ ಅನಗತ್ಯವಾಗಿ ಕಾಣುತ್ತದೆ. ಸತ್ಯವನ್ನು ಹುಡುಕಿ ತಲುಪಬೇಕು ಎನ್ನುವವರಿಗೆ ಅದು ಬೇಕೇಬೇಕು. ನಮ್ಮ ದೇಶದ ಸಂವಿಧಾನದ 22(1)ನೆಯ ವಿಧಿ ಬಂಧಿತ ವ್ಯಕ್ತಿಗೆ ತಾನು ಆಯ್ದ ವಕೀಲರ ಮೂಲಕ ಸಮರ್ಥಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಹೀಗಿದ್ದೂ ಕೆಲವು ಆರೋಪಿಗಳ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳೇ ನಿರ್ಣಯ ಮಾಡಿದ ಪ್ರಸಂಗಗಳಿವೆ. ಅಂಥ ನಿರ್ಣಯಗಳು ಕಾನೂನಿಗೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಬೇಕಾಯಿತು. ಆರೋಪ ಬಂದ ಮಾತ್ರಕ್ಕೆ ಅಪರಾಧಿಯಲ್ಲ ಎಂಬುದು ದೊಡ್ಡವರಿಗೂ ಮರೆತುಹೋಗುವ ಪಾಠ. ಎರಡೂ ಕಡೆ ನಿಂತು ನೋಡಿದ ಹದಿಹರೆಯದವರಿಗೆ ಅದು ಅನುಭವದಿಂದ ದಕ್ಕುತ್ತದೆ. ಅವರು ಸುಳ್ಳು ಹೇಳುವುದನ್ನು ಕಲಿಯುತ್ತಾರೆ ಎನ್ನುವುದಕ್ಕೂ ಆಧಾರವಿಲ್ಲ. ಇಲ್ಲದ್ದನ್ನು ಸೇರಿಸಿದರೆ ಅಂಕ ಹೋಗುವ ಆಟ ಇದು.

ಎರಡನೆಯ ಆಕ್ಷೇಪ ಅನುಕೂಲಸ್ಥ ಶಾಲೆಗಳಿಗೆ ಸಂಬಂಧಿಸಿದ್ದು. ಅನುಭವಿ ವಕೀಲರನ್ನೇ ತರಬೇತುದಾರರಾಗಿ ಪಡೆದ ಶಾಲೆಗೂ ಇತಿಹಾಸದ ಶಿಕ್ಷಕರೊಬ್ಬರೇ ಎಲ್ಲವನ್ನೂ ನೋಡಿಕೊಳ್ಳುವ ಶಾಲೆಗೂ ಅಂತರವಿದ್ದೇ ಇರುತ್ತದೆ. ಇದನ್ನು ಅಲ್ಲಗಳೆಯಲಾಗದು. ಬ್ರಿಟನ್ನಿನ ಸ್ಪರ್ಧೆ ಸರ್ಕಾರಿ ಅನುದಾನದ ಶಾಲೆ ಕಾಲೇಜುಗಳಿಗಷ್ಟೇ ತೆರೆದಿರುವುದು ಈ ಅಂತರ ತಗ್ಗಿಸುವ ಒಂದು ದಾರಿ. ಕಡತದ ಆಚೆಗೆ ಹೋಗಬಾರದೆಂಬ ನಿಯಮವೂ ದೊಡ್ಡ ಮಟ್ಟಿಗೆ ಸಮತೆ ತರುತ್ತದೆ. ಹೊರಗಿನ ಸಂಶೋಧನೆ, ದುಬಾರಿ ಚಿತ್ರಫಲಕ ಯಾವುದೂ ಉಪಯೋಗಕ್ಕೆ ಬಾರದು. ತರಬೇತುದಾರರು ಸುತ್ತು ನಡೆಯುವಾಗ ಸಲಹೆ ಕೊಡುವಂತಿಲ್ಲ. ಓದಿಗೆ ದುಡ್ಡು ಬೇಕಿಲ್ಲ. ಸಿದ್ಧತೆಯ ಕೇಂದ್ರ ಓದಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ತೀರ್ಪುಗಾರರು ಕೊನೆಗೂ ಮೆಚ್ಚುವುದು ಅಭಿನಯವನ್ನೇ ಎಂಬ ಮಾತೂ ಇದೆ. ಅಂಕ ಕೊಡುವವರು ಮನುಷ್ಯರು, ಹೆಚ್ಚಾಗಿ ಸ್ವಯಂಪ್ರೇರಿತರಾಗಿ ಬಂದ ವಕೀಲರು. ಒಬ್ಬರಿಗೆ ಹಿಡಿಸಿದ ಶೈಲಿ ಇನ್ನೊಬ್ಬರಿಗೆ ಹಿಡಿಸದು. ಆದರೆ ಮಕ್ಕಳು ಸಾಕ್ಷಿಯ ಉತ್ತರವನ್ನು ಕೇಳಿ ಮುಂದಿನ ಪ್ರಶ್ನೆ ಬದಲಿಸಿದರೇ, ಹಾ﻿ಳೆ ನೋಡಿ ಓದಿದರೇ ಎಂಬುದನ್ನು ವಿಚಾರಣಾ ನ್ಯಾಯಾಲಯದಲ್ಲಿ ಪಳಗಿದವರು ಬೇಗ ಗುರುತಿಸುತ್ತಾರೆ. ನಾಚಿಕೆ ಸ್ವಭಾವದ ಮಕ್ಕಳಿಗೆ ಇಲ್ಲಿ ಎಡೆಯಿಲ್ಲ ಎಂಬ ಭಯವೂ ಬೇಡ. ನಿಧಾನವಾಗಿ ಓದುವ, ಕಡಿಮೆ ಮಾತಿನ ಮಗು ಪಾಟೀ ಸವಾಲಿನ ಪ್ರಶ್ನೆ ರಚಿಸುವುದರಲ್ಲಿ ಎಲ್ಲರಿಗಿಂತ ಮುಂದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಮಯ ನೋಡುವ ಗುಮಾಸ್ತೆಯ ಪಾತ್ರವೂ ಇದೆ. ನ್ಯಾಯಾಲಯದ ದೃಶ್ಯ ಬಿಡಿಸುವವರಿಗೆ, ವರದಿ ಬರೆಯುವವರಿಗೆ ಜತೆಜತೆಗೆ ಸ್ಪರ್ಧೆಗಳು ನಡೆದಿವೆ.

ಕರ್ನಾಟಕದ ಶಾಲೆಯಲ್ಲಿ

ನಮ್ಮ ದೇಶದಲ್ಲಿ ಜ್ಯೂರಿ ಇಲ್ಲ, ಇಲ್ಲಿನ ವಿಚಾರಣೆಯ ನಡಿಗೆಯೇ ಬೇರೆ, ಹಾಗಾಗಿ ಇದು ನಮಗೆ ಹೊಂದದು ಎನ್ನುವವರಿದ್ದಾರೆ. ಜ್ಯೂರಿ ಇಲ್ಲದಿದ್ದರೂ ಸಾಕ್ಷಿಯ ಮುಖ್ಯ ವಿಚಾರಣೆ, ಪಾಟೀ ಸವಾಲು, ಮರು ವಿಚಾರಣೆಯ ಕ್ರಮ ನಮ್ಮಲ್ಲೂ ಅದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಾಕ್ಷ್ಯ ಅಧಿನಿಯಮದ 55ನೆಯ ಕಲಮು ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ಕಣ್ಣಿಗೆ ಕಾಣುವ ಸಂಗತಿಯನ್ನು ಕಂಡವರೇ ಹೇಳಬೇಕು ಎನ್ನುತ್ತದೆ. ನಮ್ಮ ಶಾಲೆಗಳಲ್ಲಿ ಯುವ ಸಂಸತ್ತು ನಡೆಸುವ ಪರಿಪಾಠ ಮೊದಲಿನಿಂದ ಇದೆ. ಶಾಸಕಾಂಗವನ್ನು ಪರಿಚಯಿಸಿದಂತೆ ನ್ಯಾಯಾಂಗವನ್ನೂ ಪರಿಚಯಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕಾನೂನು ಸೇವಾ ಸಮಿತಿ, ಸ್ಥಳೀಯ ವಕೀಲರ ಸಂಘ, ಹತ್ತಿರದ ಕಾನೂನು ಕಾಲೇಜು ಇವುಗಳಲ್ಲಿ ಒಂದನ್ನು ಕೇಳಿಕೊಂಡರೆ ತೀರ್ಪುಗಾರರು ಸಿಗುತ್ತಾರೆ. ಕಾನೂನು ಸೇವಾ ದಿನವಾದ ನವೆಂಬರ್ 9 ಅಥವಾ ಸಂವಿಧಾನ ದಿನವಾದ ನವೆಂಬರ್ 26 ಇದಕ್ಕೆ ತಕ್ಕ ದಿನಗಳು. ಮೊದಲ ವರ್ಷ ಎರಡು ತಂಡ, ಪ್ರತಿ ಕಡೆಗೆ ಇಬ್ಬರು ಸಾಕ್ಷಿ, ಎಂಟು ಹತ್ತು ಪುಟದ ಕಡತ ಸಾಕು. ವಿಚಾರಣೆ ಕನ್ನಡದಲ್ಲೇ ನಡೆಯಲಿ. ನಮ್ಮ ಕೆಳ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ಆಡುವುದು ಜನರ ಮಾತನ್ನೇ. ಮಹಜರು, ಪಂಚರು, ಫಿರ್ಯಾದಿ, ಪಾಟೀ ಸವಾಲು ಎಂಬ ಪದಗಳು ಮಕ್ಕಳ ಬಾಯಿಗೆ ಬಂದರೆ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದಾಗ ಅಳುಕು ಕಡಿಮೆಯಾಗುತ್ತದೆ.

ಕಡತ ಬರೆಯುವಾಗ ಕೆಲವು ಎಚ್ಚರಗಳು ಬೇಕು. ಊರಲ್ಲಿ ನಡೆದ ನಿಜವಾದ ಪ್ರಕರಣವನ್ನು ಹೆಸರು ಬದಲಿಸಿ ಬಳಸಬೇಡಿ. ಸಂಬಂಧಪಟ್ಟವರ ಮಕ್ಕಳು ತರಗತಿಯಲ್ಲೇ ಇರಬಹುದು. ಲೈಂಗಿಕ ಅಪರಾಧ, ಜಾತಿ ಮತ ಸಂಘರ್ಷದ ವಿಷಯ ಬೇಡ. ಆರೋಪಿ ವಯಸ್ಕನಾಗಿರಲಿ, ಏಕೆಂದರೆ ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಕಳವು, ಅಪಘಾತದ ಪರಿಹಾರ, ಬೆಂಕಿ ಅನಾಹುತ, ಗುತ್ತಿಗೆಯ ವಿವಾದದಂಥ ವಿಷಯ ಆಯ್ದುಕೊಳ್ಳಿ. ಎರಡೂ ಕಡೆಗೆ ಸಮಬಲದ ಸಾಕ್ಷ್ಯ ಇಡಿ. ಪ್ರತಿ ಅಫಿಡವಿಟ್‌ನಲ್ಲೂ ಕಂಡ ಸಂಗತಿ, ಕೇಳಿದ ಮಾತು, ಊಹೆ ಮೂರೂ ಬೆರೆತಿರಲಿ. ಬೇರ್ಪಡಿಸುವ ಕೆಲಸ ಮಕ್ಕಳದು.

ಇಷ್ಟು ಶ್ರಮ ಏಕೆ ಎಂದರೆ, ಈ ಬೇರ್ಪಡಿಸುವ ಅಭ್ಯಾಸ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಮೊಬೈಲುಗಳಲ್ಲಿ ಹರಡಿ, ಜನರ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಕಳ್ಳತನವನ್ನು ಕಂಡವರು ಯಾರು ಎಂದು ಆ ಸಂದೇಶ ಮುಂದಕ್ಕೆ ಕಳಿಸಿದವರು ಕೇಳಲಿಲ್ಲ. ಒಂದು ಶಾಲಾ ಸ್ಪರ್ಧೆ ಗುಂಪು ಹಿಂಸೆಯನ್ನು ತಡೆದುಬಿಡುತ್ತದೆ ಎಂದು ಹೇಳಲಾಗದು. ಆದರೆ ‘ಇದನ್ನು ನೀವು ಕಂಡಿರಾ, ಯಾರಾದರೂ ಹೇಳಿದ್ದಾ?’ ಎಂದು ಕೇಳುವ ರೂಢಿ ಎಲ್ಲಿಯಾದರೂ ಕಲಿಸಲೇಬೇಕಾದದ್ದು. ಅದನ್ನು ಹತ್ತಾರು ಬಾರಿ ಆಡಿ ನೋಡಿ ಕಲಿಯುವ ಅವಕಾಶ ಅಣಕು ನ್ಯಾಯಾಲಯದಲ್ಲಿದೆ. ಆದ್ದರಿಂದ ಸ್ಪರ್ಧೆ ಮುಗಿದ ಮೇಲೆ ಪಾಲಕರೂ ಶಿಕ್ಷಕರೂ ಮಕ್ಕಳನ್ನು ಮೊದಲು ಕೇಳಬೇಕಾದದ್ದು ಬಹುಮಾನ ಬಂತೇ ಎಂದಲ್ಲ. ಎದುರಿನ ಪಕ್ಷದ ಅತ್ಯಂತ ಬಲವಾದ ಸಾಕ್ಷ್ಯ ಯಾವುದಾಗಿತ್ತು, ನಿಮ್ಮದರಲ್ಲಿ ದುರ್ಬಲವಾದದ್ದು ಯಾವುದು ಎಂದು. ಆ ಎರಡು ಪ್ರಶ್ನೆಗೆ ತಡವರಿಸದೆ, ಪ್ರಾಮಾಣಿಕವಾಗಿ ಉತ್ತರ ಕೊಡಬಲ್ಲ ವಿದ್ಯಾರ್ಥಿ ಮುಂದೆ ವಕೀಲನಾಗಲಿ ಬಿಡಲಿ, ಸ್ಪರ್ಧೆಯಿಂದ ಪಡೆಯಬೇಕಾದದ್ದನ್ನು ಪಡೆದಿದ್ದಾನೆ.